ಎಡಗೈಗೆ ಹೊಲಿದ ಚೀಲ

ಕಾಪು ಪೇಟೆಯಲ್ಲಿ ನನ್ನನ್ನು ಈಗ ಕೆಲವರು ‘ಕೈಕೋಳ ಹೊಲಿಯುವ ಝೀಟಾ’ ಎನ್ನುತ್ತಾರಂತೆ. ಎದುರಿಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ರವಿಕೆಯ ಅಳತೆಯ ಜೊತೆ ಅವರ ನಾಲಿಗೆಯ ಅಳತೆಯನ್ನೂ ತೆಗೆದು ಕಳುಹಿಸುತ್ತಿದ್ದೆ. ನಾನು ಹೊಲಿದದ್ದು ಕೈಕೋಳವಲ್ಲ. ದಪ್ಪ ಬಟ್ಟೆಯ ಒಂದು ಚೀಲ, ಒಳಗೆ ಹತ್ತಿ, ಮಣಿಕಟ್ಟಿನ ಹತ್ತಿರ ಅಂಟುವ ಪಟ್ಟಿ. ಅದು ಗುಣವತಿ ಅಕ್ಕನ ಎಡಗೈಗೆ, ಅಂದರೆ ಅವರ ಒಳ್ಳೆಯ ಕೈಗೆ. ಒಳ್ಳೆಯ ಕೈಗೆ ಚೀಲ ಎಂತಕ್ಕೆ ಎಂದು ಒಂದು ಮಾತು ಕೇಳುವ ತಾಳ್ಮೆ ಈ ಊರಿಗೆ ಇರಲಿಲ್ಲ. ನನ್ನ ಸಿಟ್ಟು ಅದಕ್ಕೆ.

ಗುಣವತಿ ಅಕ್ಕ ಯಾರು ಎಂದು ಕಾಪುವಿನಲ್ಲಿ ಮೀನು ತಿನ್ನುವವರಿಗೆ ಹೇಳಬೇಕಾಗಿಲ್ಲ. ಮಾರ್ಕೆಟಿನ ಬಾಗಿಲ ಹತ್ತಿರದ ಜಾಗ ಅವರದ್ದು. ಬೆಳಕು ಹರಿಯುವ ಮೊದಲು ಮಲ್ಪೆಗೆ ಹೋಗಿ, ಮೀನಿನ ಏಲಂನಲ್ಲಿ ಗಂಡಸರ ಮಧ್ಯೆ ನುಗ್ಗಿ, ಟೆಂಪೋದಲ್ಲಿ ಮೀನು ತಂದು ಕೂರುತ್ತಿದ್ದರು. ಗಂಡ ಸತ್ತ ಮೇಲೆ ಆ ಜಾಗದಲ್ಲಿ ಕೂತೇ ಮಗ ಪ್ರವೀಣನನ್ನೂ ಮಗಳು ಕುಶಲಳನ್ನೂ ದಡ ಹತ್ತಿಸಿದವರು. ಬಾಯಿ ಜೋರು. ಬಂಗುಡೆಯ ಕಿವಿರು ಎತ್ತಿ ಎತ್ತಿ ನೋಡಿ ಬೆಲೆ ಇಳಿಸುವವರಿಗೆ, “ಎಂತ ಮಾರಾಯ್ರೇ, ಹೆಣ್ಣು ನೋಡ್ಲಿಕ್ಕೆ ಬಂದದ್ದಾ?” ಎಂದು ಕೇಳಿಬಿಡುತ್ತಿದ್ದರು. ಹಾಗೆ ಕೇಳಿಸಿಕೊಂಡವರು ಮರುದಿನ ಮತ್ತೆ ಅಲ್ಲಿಗೇ ಬರುತ್ತಿದ್ದರು.

ಹೋದ ವರ್ಷ ತಕ್ಕಡಿ ಹಿಡಿದು ಕೂತಲ್ಲೇ ಲಕ್ವ ಹೊಡೆದು ಅವರ ಬಲಬದಿ ಬಿದ್ದುಹೋಯಿತು. ಮಣಿಪಾಲದಲ್ಲಿ ಜೀವ ಉಳಿಸಿದರು. ನಡೆಯಲು ಬಂತು, ಆದರೆ ಬಲಗೈ ಎದೆಗೆ ಮಡಚಿಕೊಂಡೇ ಉಳಿಯಿತು. ಮಾತೂ ಹೋಯಿತು. ಅಷ್ಟು ದೊಡ್ಡ ಬಾಯಿಯಲ್ಲಿ ಉಳಿದದ್ದು ‘ಬೊಡ್ಚಿ’ ಎಂಬ ಒಂದೇ ತುಳು ಮಾತು, ಬೇಡ ಎಂದು. ನೀರು ಬೇಕಾದರೂ ಬೊಡ್ಚಿ, ಬೇಡವಾದರೂ ಬೊಡ್ಚಿ. ಅದಕ್ಕೆ ನಿಜವಾದ ಅರ್ಥ ಯಾವಾಗ ಉಂಟು, ಯಾವಾಗ ಇಲ್ಲ ಎಂದು ಅವರ ಕಣ್ಣು ನೋಡಿ ತಿಳಿದುಕೊಳ್ಳಬೇಕು.

ಎಲ್ಲೂರಿಗೆ ಮದುವೆಯಾಗಿ ಹೋದ ಕುಶಲಾ ಪ್ರತಿ ಭಾನುವಾರ ಬಂದು ಅಮ್ಮನಿಗೆ ಕೈತುತ್ತು ಕೊಡುತ್ತಿದ್ದಳು. ಬಾಯಿ ಒರೆಸುತ್ತಿದ್ದಳು, ತಲೆ ಬಾಚುತ್ತಿದ್ದಳು. “ಜೀವಮಾನವಿಡೀ ದುಡಿದ ಕೈ, ಇನ್ನು ಒಂದು ಬೆರಳೂ ಅಲ್ಲಾಡ್ಬಾರ್ದು” ಎನ್ನುತ್ತಿದ್ದಳು. ಅವಳು ಹೇಳಿದ ಹಾಗೆಯೇ ಬೆರಳು ಕೇಳಿತು, ಅಲ್ಲಾಡುವುದನ್ನೇ ಬಿಟ್ಟಿತು. ಊರು ಮಾತ್ರ, ಮಗಳೆಂದರೆ ಹೀಗಿರಬೇಕು ಎಂದು ತಲೆದೂಗಿತು.

ಅವರ ಸೊಸೆ, ಪ್ರವೀಣನ ಹೆಂಡತಿ ಕಾವ್ಯ ಮಣಿಪಾಲದ ಫಿಜಿಯೋಥೆರಪಿಯ ಚೈತಾಲಿಯನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದದ್ದು ಆಮೇಲೆ. ಚೈತಾಲಿ ಪುಣೆಯ ಕಡೆಯ ಹುಡುಗಿ. ಕನ್ನಡವನ್ನು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿ ಮಾತಾಡುತ್ತಾಳೆ. ಚೀಲದ ಅಳತೆ ಹೇಳುವಾಗ ನಾನು ಕೇಳಿದೆ, “ಒಳ್ಳೆ ಕೈಗೆ ಎಂತಕ್ಕೆ?”

“ಬಲಗೈ ಸತ್ತಿಲ್ಲ ಅಕ್ಕ. ಬೆರಳು ಸ್ವಲ್ಪ ಬಿಚ್ಚಿಕೊಳ್ತದೆ, ಮಣಿಕಟ್ಟು ಸ್ವಲ್ಪ ಏಳ್ತದೆ. ಪೆಟ್ಟು ಬಿದ್ದದ್ದು ಮಿದುಳಿಗೆ. ಮೊದಲು ಬಲಗೈಯನ್ನು ಕರೆದು ಕರೆದು ನೋಡಿತು, ಅದು ಬರಲಿಲ್ಲ. ಈಗ ಕರೆಯುವುದನ್ನೇ ಬಿಟ್ಟಿದೆ. ಎಡಗೈ ಉಂಟಲ್ಲ, ಮಗಳು ಉಂಟಲ್ಲ. ದಿನಕ್ಕೆ ಕೆಲವು ಗಂಟೆ ಎಡಗೈ ಸುಮ್ಮನೆ ಕೂತರೆ, ಬಲಗೈಯನ್ನು ಕರೆಯದೆ ಉಪಾಯ ಇಲ್ಲ.”

ನನಗೆ ತಟ್ಟನೆ ಅರ್ಥವಾಯಿತು. ಹೊಲಿಗೆ ಕಲಿಯಲು ಬರುವ ಹುಡುಗಿಯರ ಬಟ್ಟೆಯನ್ನು ನಾನೇ ಹಿಡಿದು ದೂಡಿದರೆ ಹೊಲಿಗೆ ನೆಟ್ಟಗೆ ಬರುತ್ತದೆ, ಹುಡುಗಿಗೆ ಹೊಲಿಗೆ ಬರುವುದಿಲ್ಲ. ಚೀಲ ಹಾಕುವ ಮೊದಲು ಚೈತಾಲಿ ಗುಣವತಿ ಅಕ್ಕನ ಎದುರು ಕುಕ್ಕರಗಾಲಲ್ಲಿ ಕೂತು ಮತ್ತೆ ಮತ್ತೆ ಕೇಳಿದಳು. ಬಾಯಿ ಬೊಡ್ಚಿ ಎಂದಿತು, ತಲೆ ಹೌದೆಂದು ಆಡಿತು. ನಡೆಯುವಾಗ ಚೀಲ ತೆಗೆಯಬೇಕು, ಮಲಗುವಾಗ ತೆಗೆಯಬೇಕು, ಒಲೆಯ ಹತ್ತಿರ ಬೇಡವೇ ಬೇಡ, ಸುಸ್ತಾದರೆ ವಿಶ್ರಾಂತಿ ಎಂದು ಕಾವ್ಯಳಿಗೆ ಬಾಯಿಪಾಠ ಮಾಡಿಸಿದಳು.

ಪ್ಲಾಸ್ಟಿಕ್ ಲೋಟ ಎತ್ತಿಡಲು ಕೊಟ್ಟರೆ ಗುಣವತಿ ಅಕ್ಕ ಮುಖ ತಿರುಗಿಸಿದರು. “ಅವರಿಗೆ ಗೊತ್ತಿದ್ದ ಕೆಲಸವನ್ನೇ ಕೊಡಿ” ಎಂದಳು ಚೈತಾಲಿ. ಕಾವ್ಯ ಬಂಗುಡೆ ತಂದಳು. ಒಂದು ಬೋಗುಣಿಯಿಂದ ಎತ್ತಿ ಇನ್ನೊಂದಕ್ಕೆ ಹಾಕುವುದು. ಆ ಕೈ ನಡುಗುತ್ತಾ ಮೀನಿನ ಹತ್ತಿರ ಹೋಯಿತು. ಹಿಡಿಯಿತು ಕೂಡ. ಆದರೆ ಬಿಡಲಿಲ್ಲ. ಇಂಥ ಕೈಗೆ ಹಿಡಿಯುವುದಕ್ಕಿಂತ ಬಿಡುವುದೇ ಕಷ್ಟವಂತೆ. ಮಡಚುವ ಸ್ನಾಯುಗಳು ಬಿಗಿದು ಕೂರುತ್ತವೆ, ಬಿಡಿಸುವವು ಸೋತಿರುತ್ತವೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮೀನನ್ನು ತೆಗೆಯಬೇಕಾಯಿತು. “ನಾಳೆ ಬಿಡ್ತಾರೆ” ಎಂದಳು ಚೈತಾಲಿ. ನಾಳೆ ಬಿಡಲಿಲ್ಲ. ನಾಡಿದ್ದೂ ಬಿಡಲಿಲ್ಲ. ಗುಣವತಿ ಅಕ್ಕನ ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು. ಆದರೂ ಎದ್ದು ಹೋಗಲಿಲ್ಲ.

ಆ ಭಾನುವಾರ ಕುಶಲಾ ಬಂದಾಗ ಅಮ್ಮ ಬಲಮುಷ್ಟಿಗೆ ಸಿಕ್ಕಿಸಿದ ಚಮಚದಲ್ಲಿ ಊಟ ಮಾಡುತ್ತಿದ್ದರು. ಬಾಯಿಗೆ ಹೋದದ್ದಕ್ಕಿಂತ ಸೀರೆಗೆ ಬಿದ್ದದ್ದು ಹೆಚ್ಚು. ಬೀಳಬೇಕು! ತಪ್ಪಿದಾಗಲೇ ಅಲ್ವಾ ಮಿದುಳು ಮುಂದಿನ ಸಲಕ್ಕೆ ಸರಿಮಾಡಿಕೊಳ್ಳುವುದು? ಆದರೆ ಕುಶಲಳಿಗೆ ಕಂಡದ್ದು ಎದೆಯ ಮೇಲಿನ ಅನ್ನ, ಕೆನ್ನೆಯ ಮೇಲಿನ ಕಣ್ಣೀರು, ಕೈಗೆ ಕಟ್ಟಿದ ಚೀಲ.

“ಅಮ್ಮ ಬೊಡ್ಚಿ ಬೊಡ್ಚಿ ಅಂತ ಅಳ್ತಾ ಇದ್ದಾರೆ, ನಿನಗೆ ಕಿವಿ ಇಲ್ವಾ?” ಎಂದು ಕಾವ್ಯಳ ಮೇಲೆ ಹಾರಿದಳು. ಚೀಲ ಕಿತ್ತು ಅಂಗಳಕ್ಕೆ ಎಸೆದಳು. ಕಿತ್ತದ್ದು ಆಮೇಲೆ ಎಂಬುದನ್ನು ನೆನಪಿಡಿ. ಮೊದಲು ಮೊಬೈಲಿನಲ್ಲಿ ವಿಡಿಯೋ ತೆಗೆದಳು.

ಸಂಜೆಯೊಳಗೆ ಅದು ಉಚ್ಚಿಲ, ಪಡುಬಿದ್ರಿ ಎಲ್ಲ ಸುತ್ತಿ ನನ್ನ ಫೋನಿಗೂ ಬಂತು. ಮೀನು ಮಾರ್ಕೆಟಿನಲ್ಲಿ, ಸೊಸೆ ಅತ್ತೆಯ ಕೈ ಕಟ್ಟಿ ಉಪವಾಸ ಹಾಕಿದಳಂತೆ ಎಂದಾಯಿತು. ಮರುದಿನ ಕಾರ್ಕಳದ ಯಾರೋ ಪುಣ್ಯಾತ್ಮರು, ಇಂಥವರನ್ನು ಪೊಲೀಸರಿಗೆ ಕೊಡಬೇಕು ಎಂದು ಬರೆದರು. ಇವರಲ್ಲಿ ಒಬ್ಬರಾದರೂ ಇಷ್ಟು ತಿಂಗಳಲ್ಲಿ ಆ ಮನೆಯ ಮೆಟ್ಟಿಲು ಹತ್ತಿದ್ದಾರಾ? ಮೀನಿನ ಬೋಟಿಗೆ ಹೋಗಿದ್ದ ಪ್ರವೀಣ ಮಲ್ಪೆಗೆ ಮುಟ್ಟಿದವನೇ ಹೆಂಡತಿಗೆ ಫೋನು ಮಾಡಿ, “ಕುಶಲಕ್ಕ ಹೇಳಿದ ಹಾಗೆ ಮಾಡು, ಮರ್ಯಾದೆ ಪ್ರಶ್ನೆ” ಎಂದ. ಕಾವ್ಯ ಎಂತ ಹೇಳಿಯಾಳು? ಅಳಿಯಕಟ್ಟಿನ ಮನೆ, ಕುಟುಂಬ ನಡೆಯುವುದು ಹೆಣ್ಣಿನ ಕಡೆಯಿಂದ. ತಾಯಿಯ ಮೇಲೆ ಮಗಳ ಹಕ್ಕು ದೊಡ್ಡದು, ಸೊಸೆ ಬೇರೆ ಕುಟುಂಬದವಳು. ಆದರೂ ಅವಳು ಚೀಲವನ್ನು ತೊಳೆದು ಒಣಗಿಸಿ ವಾರವಿಡೀ ಬಲಗೈಗೆ ಕೆಲಸ ಕೊಡುವುದನ್ನು ನಿಲ್ಲಿಸಲಿಲ್ಲ. ಬಾಗಿಲು ಮುಚ್ಚಿ ಮಾಡಿಸಿದಳು, ಕಳ್ಳತನದ ಹಾಗೆ.

ಮುಂದಿನ ಭಾನುವಾರ ಕುಶಲಾ ಕಾರು ತಂದಳು, ಅಮ್ಮನನ್ನು ಎಲ್ಲೂರಿಗೆ ಕರೆದೊಯ್ಯಲು. ಸುದ್ದಿ ಕೇಳಿ ನಾನು ಅಂಗಡಿಯ ಬಾಗಿಲೆಳೆದು ಓಡಿದೆ. ಅಂಗಳ ತುಂಬ ಜನ. ಗುಣವತಿ ಅಕ್ಕನನ್ನು ಕಾರಿನ ಹತ್ತಿರ ನಿಲ್ಲಿಸಿದ್ದರು. ಕಾವ್ಯ ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಕರ್ಕೊಂಡು ಹೋದ್ರೆ ಆ ಕೈ ಮುಗಿಯಿತು ಕುಶಲಾ” ಎಂದೆ. “ನೀನು ತುತ್ತು ಕೊಟ್ಟು ಕೊಟ್ಟೇ ಅದನ್ನು ಕೊಲ್ಲುವುದು.”

“ಎಂತ ಕೈ ಝೀಟಕ್ಕ? ಅಂಗೈಯಲ್ಲಿಟ್ಟು ನೋಡಿಕೊಳ್ಳುವವಳು ನಾನು. ಆ ಕೈ ಮುಷ್ಟಿ ಕಟ್ಟುವುದು ಬಿಟ್ಟು ಬೇರೆಂತ ಮಾಡ್ತದೆ? ನೋಡಿ ನೀವೇ.” ಅಮ್ಮನ ಬಟ್ಟೆ ತುಂಬಿದ ಬ್ಯಾಗಿನ ಹಿಡಿಯನ್ನು ಆ ಬಲಮುಷ್ಟಿಯೊಳಗೆ ತುರುಕಿದಳು. “ಹಿಡ್ಕೊಳ್ಳಿ ಅಮ್ಮ. ಹೋಗುವ.”

ಮುಷ್ಟಿ ಬಿಗಿಯಾಯಿತು. ಕುಶಲಾ ನನ್ನ ಮುಖ ನೋಡಿದಳು. ಗುಣವತಿ ಅಕ್ಕ ಯಾರ ಮುಖವನ್ನೂ ನೋಡಲಿಲ್ಲ, ತಮ್ಮ ಕೈಯನ್ನು ನೋಡಿದರು. ಕತ್ತಿನ ನರ ಉಬ್ಬಿತು. ಕಿರುಬೆರಳು ಸಡಿಲವಾಯಿತು, ಮತ್ತೆ ಮಡಚಿತು. ಅಂಗಳದಲ್ಲಿ ಯಾರೋ ಪಾಪ ಎಂದರು. ಮತ್ತೆ ಕಿರುಬೆರಳು ಬಿಚ್ಚಿಕೊಂಡಿತು, ಅದರ ಪಕ್ಕದ್ದು, ನಡುವಿನದ್ದು, ತೋರುಬೆರಳು. ಹೆಬ್ಬೆರಳು ಕೊನೆಗೆ. ಬ್ಯಾಗು ದೊಪ್ಪೆಂದು ಮಗಳ ಕಾಲ ಬುಡದಲ್ಲಿ ಬಿತ್ತು.

“ಬೊಡ್ಚಿ” ಎಂದರು ಗುಣವತಿ ಅಕ್ಕ, ಮಾರ್ಕೆಟಿನ ಗಂಟಲಲ್ಲಿ.

ಆಮೇಲೆ ಕಾವ್ಯಳ ಕಡೆಗೆ ತಿರುಗಿ ತಮ್ಮ ಎಡಗೈಯನ್ನು ಮುಂದೆ ಚಾಚಿದರು. ಕಾವ್ಯ ಅಳುತ್ತಿದ್ದಳು, ಹಾಗಾಗಿ ಅತ್ತೆಯನ್ನು ಜಗಲಿಯಲ್ಲಿ ಕೂರಿಸಿ ಚೀಲ ಹಾಕಿ ಪಟ್ಟಿ ಅಂಟಿಸಿದ್ದು ನಾನು. ಅಂಗಳದಲ್ಲಿ ಅಷ್ಟು ಜನರಿದ್ದರು, ಎಲ್ಲರ ಕೈಯಲ್ಲೂ ಮೊಬೈಲಿತ್ತು. ಇದನ್ನು ಒಬ್ಬರೂ ವಿಡಿಯೋ ಮಾಡಲಿಲ್ಲ.