ಅಪ್ಪನ ಸ್ಟೇಷನ್ನಿಗೆ ಸುಣ್ಣ

ನನ್ನ ಮೈದುನ ಬ್ಯಾಂಕಿನ ನೌಕರಿಯಿಂದ ರಿಟೈರ್ ಆಗಿ ಬಂದವನು ಸಂಶಿಯ ನಮ್ಮ ಮನೆಯ ಹಿತ್ತಲಲ್ಲಿ ರೈಲು ಓಡಿಸಲು ಶುರು ಮಾಡಿದ. ಆಟಿಕೆ ರೈಲು ಎಂದರೆ ಅವನಿಗೆ ಸಿಟ್ಟು. "ಗಾರ್ಡನ್ ರೇಲ್ವೆ ಅನ್ರಿ ವೈನಿ" ಎಂದು ಅತ್ತಿಗೆಯಾದ ನನ್ನನ್ನೇ ತಿದ್ದುತ್ತಾನೆ. ಗಾರ್ಡನ್ ಅನ್ನುವಂಥದ್ದು ಅಲ್ಲಿ ಏನಿತ್ತು? ಒಂದು ಕರಿಬೇವು, ಎರಡು ಮಲ್ಲಿಗೆ ಬಳ್ಳಿ, ಬಟ್ಟೆ ಒಗೆಯುವ ಕಲ್ಲು. ಆ ಕಲ್ಲನ್ನು ಮೂಲೆಗೆ ತಳ್ಳಿದ. ಎರೆಮಣ್ಣು ಅಗೆಸಿ ತೆಗೆಸಿ ನೀರು ಹಿಡಿಯದ ಗರಸು ಮಣ್ಣು ತುಂಬಿಸಿದ. ಅದರ ಮೇಲೆ ಕಾಂಕ್ರೀಟಿನ ಪಟ್ಟಿ, ಪಟ್ಟಿಯ ಮೇಲೆ ಹಳಿ. ನಮ್ಮ ಕರಿ ನೆಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಅದರ ಮೇಲೆ ಏನು ಇಟ್ಟರೂ ಸೊಟ್ಟ ಆಗುತ್ತದೆ ಎಂಬಷ್ಟು ಬುದ್ಧಿ ಅವನಿಗಿತ್ತು. ಬುದ್ಧಿ ಅಲ್ಲಿಗೆ ಮುಗಿಯಿತು.

ಹಳಿ ಹಾಕುವುದು ಕೂಲಿ ಕೆಲಸ, ಹಳಿಯ ಬಾಜುವಿನ ಸೀನರಿ ಮಾಡುವುದೇ ಆರ್ಟ್ ಎಂದು ಯಾವುದೋ ವಿಡಿಯೋದಲ್ಲಿ ಕೇಳಿಕೊಂಡು ಬಂದಿದ್ದ. ಮೊದಲ ವರ್ಷದ ಆರ್ಟನ್ನು ನೀವು ನೋಡಬೇಕಿತ್ತು. ಕೊರಿಯರಿನಲ್ಲಿ ಬಂದ ಪ್ಲಾಸ್ಟಿಕ್ಕಿನ ಪೈನ್ ಮರಗಳು. ಹಿಮ ಜಾರಿ ಬೀಳಲಿ ಎಂದು ಕಡಿದಾದ ಮಾಡು ಇಟ್ಟ ಕಾಟೇಜು. ಪ್ಲಾಟ್‌ಫಾರ್ಮಿನ ಮೇಲೆ ಹ್ಯಾಟ್ ಹಾಕಿ ಛತ್ರಿ ಹಿಡಿದ ಒಬ್ಬ ಮೇಡಮ್ಮು.

"ಕುಂದಗೋಳ ತಾಲೂಕಿನಾಗ ಈ ಗಿಡಾ ಎಲ್ಲಿ ನೋಡೀಪಾ ನೀನು?" ಎಂದೆ.

"ಕಿಟ್ಟಿನಾಗ ಅವ ಬಂದಾವ್ರಿ."

"ಹಂಗಾರ ಸ್ನೋ ಕಿಟ್ಟಿನಾಗ ಬರಲಿಲ್ಲೇನು? ಇಲ್ಲಿ ಬ್ಯಾಸಿಗ್ಯಾಗ ಮಾಳಿಗಿ ಮ್ಯಾಲೆ ಇಟ್ರ ರೊಟ್ಟಿ ತಾನ ಬೇಯ್ತಾವು."

ಅವನ ಹೆಂಡತಿ, ನನ್ನ ನೆಗೆಣ್ಣಿ, ಅಡುಗೆಮನೆಯ ಕಿಟಕಿಯಿಂದಲೇ ನಕ್ಕಳು. ಅವನಿಗೆ ಚುಚ್ಚಿತು. ಪೈನ್ ಮರ ಕಿತ್ತೆಸೆದು ಜಾಲಿಯ ಟೊಂಗೆಗಳನ್ನು ಒಣಗಿಸಿ ನೆಟ್ಟ. ಕಾಟೇಜು ಒಡೆದು ಮಣ್ಣಿನ ಮಾಳಿಗೆಯ ಮನೆ ಮಾಡಿದ. ಮೇಡಮ್ಮಿಗೆ ಇಳಕಲ್ ಸೀರೆಯ ಬಣ್ಣ ಬಳಿದ. ಹ್ಯಾಟು ತಲೆಗೇ ಅಂಟಿಕೊಂಡಿತ್ತು, ಬಿಚ್ಚಲು ಬರಲಿಲ್ಲ. ಅದರ ಮೇಲೆ ಮೆಣಸಿನಕಾಯಿ ಬುಟ್ಟಿ ಕೂರಿಸಿದ. ಬುಟ್ಟಿ ಹೊತ್ತು, ಛತ್ರಿ ಹಿಡಿದು, ಹೈಹೀಲ್ಡ್ ಶೂ ಮೆಟ್ಟಿ ರೈಲು ಕಾಯುವ ಹೆಂಗಸನ್ನು ನಾನು ಈ ಸೀಮೆಯಲ್ಲಿ ಇನ್ನೂ ಕಂಡಿಲ್ಲ. ಆದರೆ ಅವನು ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, "ಈಗ ರಿಯಲಿಸ್ಟಿಕ್ ಆತು ನೋಡ್ರಿ" ಎಂದ. ಆ ಶಬ್ದ ಅವತ್ತಿನಿಂದ ನನ್ನ ಕಿವಿಗೆ ಆಗಿಬರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನೂ ನಕ್ಕು ಒಳಗೆ ಹೋಗುತ್ತಿದ್ದೆ.

ನನ್ನ ಅಪ್ಪ ನಮ್ಮೂರ ಮುಂದೆ ಹಾಯುವ ಇದೇ ರೈಲು ಲೈನಿನಲ್ಲಿ, ಮೀಟರ್ ಗೇಜಿನ ಕಾಲದಲ್ಲಿ, ಒಂದು ಸಣ್ಣ ಸ್ಟೇಷನ್ನಿಗೆ ಮಾಸ್ತರರಾಗಿದ್ದರು. ದೊಡ್ಡ ಗಾಡಿಗಳು ಅಲ್ಲಿ ನಿಲ್ಲುತ್ತಿರಲಿಲ್ಲ. ಹತ್ತಿ ಅಂಡಿಗೆಗಳು, ಮೆಣಸಿನಕಾಯಿ ಚೀಲಗಳು, ಹುಬ್ಬಳ್ಳಿಗೆ ಹೋಗುವ ನಾಲ್ಕಾರು ಮಂದಿ, ಅಷ್ಟೇ ಆ ಸ್ಟೇಷನ್ನಿನ ವೈಭವ. ಅಪ್ಪನಿಗೆ ದೊಡ್ಡ ಸ್ಟೇಷನ್ ಕೊನೆಯವರೆಗೂ ಸಿಗಲಿಲ್ಲ. ಸಿಗದಿದ್ದದ್ದಕ್ಕೆ ಅವರು ಗೊಣಗಿದ್ದನ್ನು ನಾನು ಕೇಳಿಲ್ಲ. ಅವರ ಹಟವೆಲ್ಲ ಧೂಳಿನ ಮೇಲೆ. ಎರೆಯ ಸೀಮೆಯ ಧೂಳು ಸಾಮಾನ್ಯದ್ದಲ್ಲ. ಗಾಳಿ ಎದ್ದರೆ ಕಣ್ಣ ರೆಪ್ಪೆ, ಹಾಲಿನ ಕೆನೆ, ದೇವರ ಫೋಟೋ ಯಾವುದನ್ನೂ ಬಿಡುವುದಿಲ್ಲ. ಅಪ್ಪ ದಿನಾ ಬೆಳಿಗ್ಗೆ ಪ್ಲಾಟ್‌ಫಾರ್ಮಿಗೆ ನೀರು ಹೊಡೆಸುತ್ತಿದ್ದರು. ಪ್ರತಿ ಅಮಾವಾಸ್ಯೆಗೆ ಗೋಡೆಗೆ ಸುಣ್ಣ, ಬುಡಕ್ಕೆ ಒಂದು ಗೇಣು ಹುರಮಂಜಿನ ಕೆಂಪು ಪಟ್ಟಿ, ಹಳಿಯ ಬಾಜುವಿನ ಕಲ್ಲುಗಳಿಗೂ ಸುಣ್ಣ. ಬೇರೆ ಸ್ಟೇಷನ್ನಿನವರು ಸಾಹೇಬರ ಇನ್‌ಸ್ಪೆಕ್ಷನ್ ಇದ್ದಾಗ ಮಾತ್ರ ಬಳಿಸುತ್ತಿದ್ದರು, ಅಪ್ಪ ಅಮಾವಾಸ್ಯೆ ತಪ್ಪಿಸುತ್ತಿರಲಿಲ್ಲ. ದಿನಾ ಸಂಜೆ ತಮ್ಮ ಬಿಳಿ ಕರವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಟಿಕೆಟ್ ಕಿಟಕಿಯ ಕಟ್ಟೆಯ ಮೇಲೆ ಎಳೆದು ನೋಡುವರು. ಕರ್ಚೀಫು ಕರಿ ಆದರೆ ಕಿಟಕಿ ಮತ್ತೊಮ್ಮೆ ಒರೆಸಬೇಕು.

ನಾನು ಹುಬ್ಬಳ್ಳಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ. ಶನಿವಾರದ ಪ್ಯಾಸೆಂಜರಿಗೆ ಮನೆಗೆ ಬರುವೆ. ಕರಿ ಹೊಲ, ಕರಿ ಹೊಲ, ಮತ್ತೆ ಕರಿ ಹೊಲ, ಅದರ ನಡುವೆ ಥಟ್ಟನೆ ಹಲ್ಲಿನ ಹಾಗೆ ಬಿಳಿ ಸ್ಟೇಷನ್. ಅಪ್ಪ ಬಿಳಿ ಕೋಟು ಹಾಕಿಕೊಂಡು ಹಸಿರು ಝಂಡಾ ಹಿಡಿದು ನಿಂತಿರುವರು. ಗಾಡಿ ಬಿಡುವವರೆಗೆ ನನ್ನ ಗುರುತೇ ಇಲ್ಲ. ಕೊನೆಯ ಡಬ್ಬಿ ಸಿಗ್ನಲ್ ದಾಟಿದ ಮೇಲೆ ನನ್ನ ಕಡೆ ತಿರುಗಿ, "ಕೈ ತೋರ್ಸು" ಎನ್ನುವರು. ಉಗುರು ನೋಡುವರು. ಕಾನ್ವೆಂಟಿನ ಸಿಸ್ಟರೂ ಅದನ್ನೇ ನೋಡುತ್ತಿದ್ದರು, ಆದರೆ ಸಿಸ್ಟರ್ ಉಗುರು ನೋಡಿದ ಮೇಲೆ ಕಿಸೆಯಿಂದ ಪೆಪರಮೆಂಟು ತೆಗೆದು ಕೊಡುತ್ತಿರಲಿಲ್ಲ.

ಜೋಡಿ ಹಳಿಯ ಕೆಲಸ ಬಂತು ನೋಡಿ, ಆಗ ಆ ಕಟ್ಟಡ ಕೆಡವಿದರು. ನಮ್ಮ ಬಳಿ ಅದರ ಫೋಟೋ ಇಲ್ಲ. ಅಪ್ಪನ ಕಾಲದಲ್ಲಿ ನಮ್ಮ ಮಂದಿ ಮದುವೆಯ ಫೋಟೋ ತೆಗೆಸುವುದೇ ಕಷ್ಟ, ಸ್ಟೇಷನ್ನಿನದು ಯಾರು ತೆಗೆಸುತ್ತಾರೆ? ಅದು ನನ್ನ ತಲೆಯೊಳಗೆ ಮಾತ್ರ ಉಳಿದಿತ್ತು. ಈ ತಲೆ ಇನ್ನೆಷ್ಟು ದಿನ.

ನನ್ನ ಈ ಚಿಂತೆ ಮೈದುನನಿಗೆ ಹೇಗೋ ಗೊತ್ತಾಯಿತು, ನೆಗೆಣ್ಣಿ ಹೇಳಿರಬೇಕು. ಒಂದು ದಿನ ಸ್ಕೇಲು, ಪೆನ್ಸಿಲ್ಲು ಹಿಡಿದುಕೊಂಡು ಬಂದು ನನ್ನ ಮುಂದೆ ಕುಳಿತ.

"ವೈನಿ, ನಿಮ್ಮ ಅಪ್ಪಾರ ಸ್ಟೇಷನ್ ಮಾಡೂಣು. ನೀವು ಹೇಳ್ರಿ, ನಾ ಕೊರೀತೀನಿ."

ಮೂರು ಕಮಾನು, ಬಡಗಣ ಬದಿಗೆ ನೀರಿನ ಕೋಣೆ, ಗಂಟೆಯ ಬದಲು ತೂಗುಹಾಕಿದ ಹಳಿಯ ತುಂಡು, ಮಾಸ್ತರರ ಕಿಟಕಿಯ ಕಬ್ಬಿಣದ ಸರಳು. ನಾನು ಹೇಳಿದ್ದನ್ನೆಲ್ಲ ಅವನು ತಗ್ಗಿದ ತಲೆ ಎತ್ತದೆ ಕೇಳಿದ. ಅಂಗಡಿಯ ಬೋರ್ಡು ಮಾಡುತ್ತಾರಲ್ಲ, ಆ ಗಟ್ಟಿ ಪ್ಲಾಸ್ಟಿಕ್ ಹಾಳೆಯಲ್ಲಿ ಕೊರೆದು ಅಂಟಿಸಿದ. ಮೊಣಕಾಲೆತ್ತರದ ಸ್ಟೇಷನ್ ಎದ್ದು ನಿಂತಿತು. ಅಪ್ಪನ ಬಿಳಿ ಕೋಟು ಕಾಣುತ್ತದೆಯೋ ಎಂಬಂತೆ ಕಮಾನಿನ ಕೆಳಗೆ ಬಗ್ಗಿ ನೋಡಿದೆ. ಅವನನ್ನು ಇಷ್ಟು ದಿನ ಬೈದದ್ದು ಹೆಚ್ಚಾಯಿತೇನೋ ಎಂದೂ ಅನ್ನಿಸಿತು. ಬಹಳ ಹೊತ್ತಲ್ಲ, ಅವತ್ತಿನ ಮಧ್ಯಾಹ್ನದ ಮಟ್ಟಿಗೆ.

ಮರುದಿನ ಹಿತ್ತಲಿಗೆ ಹೋಗುತ್ತೇನೆ, ಅಪ್ಪನ ಸ್ಟೇಷನ್ನಿನ ಗೋಡೆಯ ಮೇಲೆ ಕಂದು ನೀರು ಇಳಿಯುತ್ತಿದೆ. ಕಿಟಕಿಯ ಕೆಳಗೆ ಸರಳಿನ ತುಕ್ಕು ಇಳಿದ ಹಾಗೆ ಜಂಗಿನ ಗೀರು. ಬುಡದಲ್ಲಿ ಪಾಚಿ. ಕಮಾನಿನ ಮೂಲೆಯಲ್ಲಿ ಯಾರೋ ಎಲೆ ಅಡಿಕೆ ಉಗುಳಿದ ಕಲೆ. ಅದನ್ನು ಅವನು ಟೂತ್‌ಪಿಕ್ಕಿನಿಂದ ಚುಕ್ಕೆ ಇಟ್ಟು ಬರೆಯುತ್ತ ಕುಳಿತಿದ್ದ!

"ಏನ್ ಮಾಡಾಕತ್ತೀಪಾ?"

"ವೆದರಿಂಗ್ ಅಂತಾರ್ರಿ ಇದಕ್ಕ. ಬಿಸಲು ಮಳಿ ತಿಂದಂಗ ಕಾಣಬೇಕು. ಹೊಸಾದು ಹೊಸಾದಂಗ ಕಂಡ್ರ ಯಾರೂ ನಂಬಂಗಿಲ್ರಿ."

"ನಮ್ಮಪ್ಪನ ಗ್ವಾಡಿಗೆ ಉಗುಳಿದವರು ಯಾರೂ ಇರಲಿಲ್ಲ. ಇವತ್ತ ನೀ ಒಬ್ಬವ ಹುಟ್ಟಿದಿ."

"ಅಲ್ರಿ ವೈನಿ, ಹಳ್ಳಿ ಸ್ಟೇಷನ್ ಅಂದ ಮ್ಯಾಲೆ ಹೊಲಸ ಇರೂದ. ರಿಯಲಿಸ್ಟಿಕ್…"

"ನಾನ್ಸೆನ್ಸ್! ಹೊಲಸು ಇದ್ರಷ್ಟ ಖರೇ, ಸ್ವಚ್ಛ ಇದ್ರ ಸುಳ್ಳು ಅಂತ ನಿನಗ ಯಾವ ಬ್ಯಾಂಕಿನಾಗ ಕಲಿಸಿದ್ರು?"

ಅವನು ಕೈಯಲ್ಲಿದ್ದ ಕಡ್ಡಿ ಕೆಳಗಿಡಲಿಲ್ಲ. ಮುಂದಿನ ರವಿವಾರ ಬೆಂಗಳೂರಿನಿಂದ ಹಾಬಿ ಕ್ಲಬ್ಬಿನ ಮಂದಿ ಬರುತ್ತಾರೆ, ಸ್ಟೇಷನ್ ಹಿಡಿಸಿದರೆ ತಮ್ಮ ಎಕ್ಸಿಬಿಷನ್ನಿಗೆ ಒಯ್ಯುತ್ತಾರೆ ಎಂದ. ಎಂದರೆ, ಜನ್ಮವಿಡೀ ಧೂಳಿನ ಜೊತೆ ಗುದ್ದಾಡಿದ ಮನುಷ್ಯನ ಸ್ಟೇಷನ್ ಬೆಂಗಳೂರಿನ ಮಂದಿಯ ಮುಂದೆ ಉಗುಳು ಹಚ್ಚಿಕೊಂಡು ನಿಲ್ಲಬೇಕು. ಫೋಟೋ ಇಲ್ಲ, ಕಟ್ಟಡ ಇಲ್ಲ, ನೋಡಿದವರಿಗೆ ಇದೇ ಖರೆ ಆಗುತ್ತದೆ.

ಶನಿವಾರ ಮಧ್ಯಾಹ್ನ ಅವನು ಉಂಡು ಮಲಗಿದಾಗ ನಾನು ಯುಗಾದಿಗೆ ತಂದು ಉಳಿಸಿದ್ದ ಸುಣ್ಣವನ್ನು ನೀರಿನಲ್ಲಿ ಅರಳಿಸಿದೆ. ಎರಡು ಹನಿ ನೀಲಿ ಬಿಟ್ಟೆ. ಮೊದಲು ಹಸಿ ಬಟ್ಟೆಯಿಂದ ಆ ಜಂಗು, ಪಾಚಿ, ಉಗುಳು ಎಲ್ಲ ತಿಕ್ಕಿ ತೆಗೆದು, ಹಳೆಯ ಟೂತ್‌ಬ್ರಶ್ಶಿನಿಂದ ಸುಣ್ಣ ಬಳಿದೆ. ನಾನು ಸಣ್ಣವಳಿದ್ದಾಗ ನೋಡಿದ ಹಾಗೆಯೇ ಮೇಲಿನಿಂದ ಕೆಳಗೆ ಒಂದು ಕೈ, ಅಡ್ಡಡ್ಡ ಒಂದು ಕೈ. ಬುಡಕ್ಕೆ ಹುರಮಂಜು. ಮೊಣಕಾಲು ನೋಯುತ್ತಿತ್ತು. ಬಿಸಿಲಿಗೆ ಸುಣ್ಣ ಒಣಗುತ್ತ ಒಣಗುತ್ತ ಬೆಳ್ಳಗಾಯಿತು, ಆ ಶನಿವಾರದ ಪ್ಯಾಸೆಂಜರಿನ ಕಿಟಕಿಯಿಂದ ಕಂಡಷ್ಟೇ ಬೆಳ್ಳಗೆ. ಅದನ್ನು ನೋಡುತ್ತ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಎದ್ದು ಬಂದ ಮೈದುನ ಹಣೆ ಬಡಿದುಕೊಂಡ. ನೆಗೆಣ್ಣಿ ಅವನ ಕೈಗೆ ಚಹಾ ಕೊಟ್ಟು, "ಇನ್ನ ಕಂದು ಬಣ್ಣ ಮುಟ್ಟಿದ್ರ ವೈನಿ ನಿಮಗ ಸುಣ್ಣಾ ಬಳೀತಾರ ನೋಡ್ರಿ" ಎಂದಳು.

ಆದರೆ ಸುಣ್ಣ ಹಚ್ಚಿದ್ದು ಮಣ್ಣಿನ ಗೋಡೆಗಲ್ಲ. ಸುಣ್ಣವನ್ನು ಗೋಡೆ ಹೀರಿ ಹಿಡಿಯಬೇಕು, ಪ್ಲಾಸ್ಟಿಕ್ ಏನು ಹೀರುತ್ತದೆ? ರವಿವಾರ ಬೆಳಿಗ್ಗೆಯ ಹೊತ್ತಿಗೆ ಬಿಲ್ಲೆ ಬಿಲ್ಲೆಯಾಗಿ ಎದ್ದು ಉದುರತೊಡಗಿತ್ತು. ಒಂದು ಕಮಾನು ತೊನ್ನು ಹತ್ತಿದ ಹಾಗೆ. ಮತ್ತೊಮ್ಮೆ ಬಳಿಯೋಣವೆಂದರೆ ಬಾಗಿಲಲ್ಲಿ ಕಾರು ಬಂದು ನಿಂತಾಗಿತ್ತು.

ಬಂದವರು ಮೂವರು. ಕಿಸೆ ಕಿಸೆಯ ಪ್ಯಾಂಟು ಹಾಕಿದವರು. ಬುಟ್ಟಿ ಹೊತ್ತ ಮೇಡಮ್ಮನ್ನು ನೋಡಿ, "ಎಷ್ಟು ಆಥೆಂಟಿಕ್ ಆಗಿದೆ ಸರ್!" ಎಂದರು. ಆಗಲೇ ಅವರ ಯೋಗ್ಯತೆ ನನಗೆ ತಿಳಿಯಿತು. ಆಮೇಲೆ ಅಪ್ಪನ ಸ್ಟೇಷನ್ನಿನ ಮುಂದೆ ಒಬ್ಬ ಮಂಡಿಯೂರಿ ಕುಳಿತು ಫೋನು ಮುಂದೆ ಹಿಡಿದ.

"ಅಯ್ಯೋ, ಈ ಗೋಡೆ ನೋಡ್ರೋ! ಸುಣ್ಣ ಎದ್ದಿರೋದು ನೋಡಿ! ನಾವು ಇದಕ್ಕೆ ಫಾರಿನ್ ಪೇಂಟ್ ತರಿಸಿದ್ರೂ ಹೀಗೆ ಬರಲ್ಲ. ಯಾವ ಟೆಕ್ನಿಕ್ ಸರ್ ಇದು?"

ಮೈದುನ ನನ್ನ ಮುಖ ನೋಡಿದ. ಟೆಕ್ನಿಕ್ಕಿನ ಹೆಸರು ಹೇಳಿ ಹಾರ ಹಾಕಿಸಿಕೊಳ್ಳುತ್ತಾನೆ ಎಂದೇ ಎಣಿಸಿದೆ.

"ಟೆಕ್ನಿಕ್ ಅಲ್ರಿ. ನಮ್ಮ ವೈನಿ ಸುಣ್ಣಾ ಹಚ್ಯಾರ, ಅದು ಹಿಡದಿಲ್ಲ" ಎಂದ.

ಮೂವರೂ ನಕ್ಕರು. "ಆಕ್ಸಿಡೆಂಟಲ್ ವೆದರಿಂಗ್! ಸರ್, ದಯವಿಟ್ಟು ಇದನ್ನ ಮುಟ್ಟಬೇಡಿ. ಹೀಗೇ ಇರಲಿ. ಮುಂದಿನ ವಾರ ಗಾಡಿ ಕಳಿಸ್ತೀವಿ, ಎಕ್ಸಿಬಿಷನ್ನಲ್ಲಿ ಇದೇ ಸೆಂಟರ್ ಪೀಸ್."

"ಈ ಸ್ಟೇಷನ್ ಯಾವತ್ತೂ ಹಿಂಗಿರಲಿಲ್ಲ" ಎಂದೆ ನಾನು.

"ಹಳೇ ಸ್ಟೇಷನ್ ಅಂದ್ರೆ ಹೀಗೇ ತಾನೇ ಅಮ್ಮ ಇರೋದು?" ಎಂದು ಆ ಮಂಡಿಯೂರಿದವನು ನನಗೇ ತಿಳಿಸಿಕೊಟ್ಟ. ನಮ್ಮ ಸಿಸ್ಟರ್ ಇದ್ದಿದ್ದರೆ ಅವನ ಉಗುರು ನೋಡುತ್ತಿದ್ದರು. ನಾನು ನೋಡಿದೆ. ನೋಡುವ ಹಾಗಿರಲಿಲ್ಲ.

ಅವರು ಹೋದ ಮೇಲೆ ಮೈದುನ ಬಹಳ ಹೊತ್ತು ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದ. ಇಷ್ಟು ವರ್ಷದಲ್ಲಿ ಅವನ ಕೆಲಸವನ್ನು ಹೊರಗಿನವರು ಹೊಗಳಿದ್ದು ಇದೇ ಮೊದಲು. ಸ್ಟೇಷನ್ ಕೊಡಬೇಡ ಎಂದು ನಾನು ಕೇಳಲಿಲ್ಲ. ಕೇಳಿದರೆ ಬೇಡಿದ ಹಾಗಾಗುತ್ತದೆ.

ಮರುದಿನ ಬೆಳಿಗ್ಗೆ ಕರ ಕರ ಸಪ್ಪಳ ಕೇಳಿ ಹೊರಗೆ ಬಂದೆ. ಉಸುಕಿನ ಕಾಗದದಿಂದ ಅಪ್ಪನ ಸ್ಟೇಷನ್ನಿನ ಗೋಡೆ ತಿಕ್ಕುತ್ತಿದ್ದ. ಬಾಜುವಿಗೆ ಗೋಂದು, ಸಣ್ಣ ಉಸುಕು, ಒಂದು ಡಬ್ಬಿಯಲ್ಲಿ ಕಲಸಿದ ಸಿಮೆಂಟು.

"ಮೊದಲ ಇದನ್ನ ಬಳದ್ರ ಆಮ್ಯಾಲೆ ಸುಣ್ಣಾ ಹಿಡೀತೈತ್ರಿ" ಎಂದ, ನನ್ನ ಕಡೆ ನೋಡದೆ. "ಸುಣ್ಣಕ್ಕ ಅಂಟು ಎಷ್ಟು ಹಾಕಬೇಕ್ರಿ ವೈನಿ?"

"ಎಕ್ಸಿಬಿಷನ್ನು?"

"ಅವರಿಗೆ ಆ ಮೂಲ್ಯಾಗಿನ ಗೂಡ್ಸ್ ಶೆಡ್ ಕೊಡ್ತೀನಿ. ಅದಕ್ಕ ಬೇಕಾದಷ್ಟು ಉಗುಳಿಟ್ಟೀನಿ."

ಗಾಡಿ ಬರಲೇ ಇಲ್ಲ. ಗೂಡ್ಸ್ ಶೆಡ್ ಅವರಿಗೆ ಬೇಡವಂತೆ, ಸ್ಟೇಷನ್ ಕ್ಲೀನ್ ಮಾಡಿದ್ದು ಕೇಳಿ ಬಹಳ ನೊಂದುಕೊಂಡರಂತೆ. ನೊಂದುಕೊಳ್ಳಲಿ.

ಈಗ ಪ್ರತಿ ಅಮಾವಾಸ್ಯೆಗೆ ನಾನು ಸುಣ್ಣ ಕಲಸುತ್ತೇನೆ, ಅವನು ಬಳಿಯುತ್ತಾನೆ, ನನ್ನ ಮೊಣಕಾಲು ಬಗ್ಗುವುದಿಲ್ಲ. ಕೆಲಸ ಚೊಕ್ಕಟ ಎಂದು ನಾನು ಹೇಳುವುದಿಲ್ಲ. ಮೂಲೆಗಳನ್ನು ಬಿಡುತ್ತಾನೆ. ಮೊನ್ನೆ ಸಂಜೆ ಗಾಳಿ ಎದ್ದು ನಿಂತ ಮೇಲೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಟಿಕೆಟ್ ಕಿಟಕಿಯ ಕಟ್ಟೆಯ ಮೇಲೆ ಎಳೆದೆ. ಕರಿ. ಅವನ ಮುಂದೆ ಹಿಡಿದೆ.

"ಇದು ನಾ ಹಚ್ಚಿದ್ದಲ್ರಿ" ಎಂದ. "ಎರಿ ಧೂಳು. ಅಗದಿ ರಿಯಲಿಸ್ಟಿಕ್."

"ಗೊತ್ತೈತಿ. ಹಸಿ ಅರಿವಿ ತೊಗೊಂಡು ಬಾ."

ಗೊಣಗುತ್ತ ಹೋದ, ತಂದ. ಕಿಟಕಿ ಒರೆಸಿದ. ನಾನು ಸೆರಗಿನ ಬೇರೆ ತುದಿ ಬೆರಳಿಗೆ ಸುತ್ತಿಕೊಂಡು ನಿಂತಿದ್ದೆ.