ಕೇಬಲ್ ಬದಲಿಸಿದ ನಲವತ್ತು ನಿಮಿಷ

ಮೊದಲು ತೊದಲಿದ್ದು ಒಂದೇ ಪದ. 'ಕಾರ್ಮಿಕರು'.

ನನ್ನ ಗಂಡ ಶಿವು ಸಾಕ್ಷ್ಯಚಿತ್ರ ಮಾಡುವವನು. ಧ್ವನಿಮುದ್ರಣ ನನ್ನದು. ಸಂಘ ಕಟ್ಟಿದ್ದಕ್ಕೆ ಕೆಲಸ ಕಳೆದುಕೊಂಡ ಕೆಂಗೇರಿಯ ಗಾರ್ಮೆಂಟ್ಸ್ ಹೆಂಗಸರ ಚಿತ್ರಕ್ಕೆ ಆ ಬೆಳಿಗ್ಗೆ ಅವನು ನಿರೂಪಣೆ ಓದುತ್ತಿದ್ದ. ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ಕಿಟಕಿಗೆ ಹಾಸಿಗೆ ಒರಗಿಸಿ, ಫ್ಯಾನ್ ನಿಲ್ಲಿಸಿ, ಕೆಳಗಿನವರ ಕುಕ್ಕರ್ ಕೂಗಿ ಮುಗಿಯಲೆಂದು ಕಾದು ಶುರುಮಾಡಿದ್ದೆವು. ನಾನು ಅವನಿಗೆ ಬೆನ್ನು ಮಾಡಿ ಕೂರುತ್ತೇನೆ. ಮುಖ ನೋಡುತ್ತಿದ್ದರೆ ಧ್ವನಿಯ ದೋಷ ಕಿವಿಗೆ ಬೀಳುವುದಿಲ್ಲ.

"ಇನ್ನೊಂದ್ಸಲ ಓದೋ. ಕೇಬಲ್ ಸರಿ ಇಲ್ಲ."

ಕೇಬಲ್ ಬದಲಿಸಿದೆ. ಆಮೇಲೆ ಮೈಕ್. ಆಗಲೂ ನೋಡಿದ್ದು ಮೈಕನ್ನೇ. ಏಳನೇ ಟೇಕಿನಲ್ಲಿ ಹಾಳೆಗಳು ನೆಲಕ್ಕೆ ಬಿದ್ದ ಸದ್ದಾಯಿತು.

ತಿರುಗಿದೆ. ಅವನ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು.

"ಎಷ್ಟೊತ್ತಿಗೆ ಶುರುವಾಯ್ತು ಮೇಡಂ?" ಎಮರ್ಜೆನ್ಸಿಯಲ್ಲಿ ಡಾಕ್ಟರ್ ಕೇಳಿದರು. ಅಂದಾಜು ಹೇಳುವ ಅದೃಷ್ಟ ನನಗಿರಲಿಲ್ಲ. ರೆಕಾರ್ಡಿಂಗ್‌ನಲ್ಲಿ ಸಮಯವಿತ್ತು. ಹತ್ತು ಐವತ್ತೆರಡು. ಆಂಬ್ಯುಲೆನ್ಸಿಗೆ ಫೋನ್ ಮಾಡಿದ್ದು ಹನ್ನೊಂದು ಮೂವತ್ತೆರಡಕ್ಕೆ.

ಸ್ಟ್ರೋಕ್. ಇಂಜೆಕ್ಷನ್ ಕೊಟ್ಟರು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು.

ಮೂರು ತಿಂಗಳಾದರೂ ಅವನ ಬಾಯಲ್ಲಿ ಒಂದೇ ಪದ: "ಅಲ್ಲ". ನೀರು ಬೇಕಾ? ಅಲ್ಲ. ಬೇಡವಾ? ಅಲ್ಲ. "ಅದರಲ್ಲಿ ಅರ್ಥ ಹುಡುಕ್ಬೇಡಿ ಮೇಡಂ," ಎಂದರು ಸ್ಪೀಚ್ ಥೆರಪಿಸ್ಟ್. "ನಾಲಿಗೆಗೆ ಉಳಿದಿರೋದು ಅದೊಂದೇ ಇರ್ಬಹುದು." ಹಾಗಾದರೆ ಒಳಗೆ ಶಿವು ಇದ್ದಾನೋ ಇಲ್ಲವೋ? ಅವನು ಮಲಗಿದಾಗ ಆ ಏಳು ಟೇಕುಗಳನ್ನು ಹೆಡ್‌ಫೋನ್‌ನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದೆ. ಬೇರೇನು ಮಾಡಬೇಕೋ ತಿಳಿಯದೆ ಚಿತ್ರದ ಎಡಿಟಿಂಗನ್ನೂ ಒಬ್ಬಳೇ ಮುಗಿಸಿದೆ.

ಚಿತ್ರದಲ್ಲಿರುವ ಹೆಂಗಸರಲ್ಲೊಬ್ಬಳಾದ ಜಯಮ್ಮ ನೋಡಲು ಬಂದಳು. "ನೀವ್ ಹಿಂಗ್ ಕೂತ್ಬಿಟ್ರೆ ನಮ್ ಸೂಪರ್‌ವೈಸರ್ ಹೋಳಿಗೆ ಊಟ ಹಾಕಿಸ್ತಾನೆ ಸಾರ್!" ಅವನ ಅರ್ಧ ಮುಖ ನಕ್ಕಿತು.

ಅವಳಿಗೆ ಚಿತ್ರ ತೋರಿಸಿದೆ. ಶಿವುವೂ ಪಕ್ಕದಲ್ಲೇ ಕೂತಿದ್ದ. ಅವಳು ಅಳುವ ದೃಶ್ಯ ಬಂತು. ಇಡೀ ಚಿತ್ರದಲ್ಲಿ ನನಗೆ ಮುಖ್ಯವೆನಿಸಿದ್ದು ಅದೇ.

"ಅಲ್ಲ."

ನಾನು ನಿಲ್ಲಿಸಲಿಲ್ಲ. ಅವನು ಎಡಗೈಯಿಂದ ಮೇಜು ಗುದ್ದಿದ. "ಅಲ್ಲ! ಅಲ್ಲ!"

ಜಯಮ್ಮ ತಲೆ ತಗ್ಗಿಸಿದಳು. "ಅಕ್ಕಾ, ಅದನ್ನ ಹಾಕ್ಬೇಡಿ ಅಂತ ಆವತ್ತೇ ಹೇಳಿದ್ದೆ. ಸಾರ್ ಒಬ್ರಿಗೇ. ಹಾಕಲ್ಲ ಅಂತ ಮಾತು ಕೊಟ್ಟಿದ್ರು."

ನನಗದು ಗೊತ್ತೇ ಇರಲಿಲ್ಲ.

ದೃಶ್ಯ ತೆಗೆದೆ. ಈಗ ದಿನಕ್ಕೊಂದು ಗಂಟೆ ಇಬ್ಬರೂ ಎಡಿಟಿಂಗಿಗೆ ಕೂರುತ್ತೇವೆ, ಮೊದಲಿನಿಂದ. ಈಗಲೂ ನೀರು, ಕಾಫಿ ಬೇಕಾ ಎಂದಾಗ ಬರುವ ಆ ಪದಕ್ಕೆ ಅರ್ಥವಿಲ್ಲ. ಇಲ್ಲಿ ಮಾತ್ರ, ಅವನು "ಅಲ್ಲ" ಅಂದ ಕಡೆ ನಿಲ್ಲಿಸುತ್ತೇನೆ. ಅನ್ನದಿದ್ದರೆ ಮುಂದಕ್ಕೆ ಹೋಗುತ್ತೇನೆ. ನಿನ್ನೆ ನಾಲ್ಕು ನಿಮಿಷದಷ್ಟು ಮುಂದೆ ಹೋದೆವು.