ನಲವತ್ತು ಹಾಳೆ, ಒಂದೇ ಉತ್ತರ

ಆ ದಿನಗಳಲ್ಲಿ ಫೆಬ್ರುವರಿ ಕಳೆಯಿತೆಂದರೆ ನಮ್ಮ ತಿಕೋಟಾಕ್ಕೆ ತಿಕೋಟಾವೇ ದ್ರಾಕ್ಷಿಯ ವಾಸನೆ ಹೊಡೆಯುತ್ತಿತ್ತು. ಶೆಡ್ಡುಗಳಲ್ಲಿ ಬಲೆಯ ಮೇಲೆ ಬಲೆ ಕಟ್ಟಿ ಹಸಿರು ದ್ರಾಕ್ಷಿ ಹರವಿರುತ್ತಿದ್ದರು. ಅದು ಒಣಗಿ, ಮುದುಡಿ ಒಣದ್ರಾಕ್ಷಿ ಆಗುವವರೆಗೆ ಗಾಳಿಯಲ್ಲೆಲ್ಲ ಸಿಹಿಯೂ ಹುಳಿಯೂ ಕೂಡಿದ ಒಂದು ಘಮ. ಒಣದ್ರಾಕ್ಷಿಗೆ ನಾವು ಮಣೂಕ ಅನ್ನುವವರು. ಮಣೂಕ ತುಂಬಿ ತುಂಬಿ ನಮ್ಮ ಯೂನಿಫಾರ್ಮಿನ ಕಿಸೆಗಳು ಅಂಟಂಟಾಗಿರುತ್ತಿದ್ದವು. ನನ್ನ ಕಿಸೆಯಂತೂ ಖಾಲಿಯಾದದ್ದೇ ಇಲ್ಲ, ಯಾಕೆಂದರೆ ಅಪ್ಪ ಶೆಡ್ಡಿನಲ್ಲೇ ಕೆಲಸಕ್ಕಿದ್ದ. ಗೊಂಚಲುಗಳನ್ನು ಒಣಹಾಕುವ ಮುಂಚೆ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯುವುದು ಅವನ ಪಾಲಿನ ಕೆಲಸ. ಎಷ್ಟು ಸಾಬೂನು ಹಚ್ಚಿದರೂ ಆ ಎಣ್ಣೆಯ ವಾಸನೆ ಅವನ ಕೈಬಿಟ್ಟು ಹೋಗುತ್ತಿರಲಿಲ್ಲ. ನನಗೆ ಅದು ಇಷ್ಟ.

ವಾರದಲ್ಲಿ ಎರಡು ದಿನ ಮಾತ್ರ ಅವನಿಂದ ಬೇರೆ ವಾಸನೆ ಬರುತ್ತಿತ್ತು. ಅಪ್ಪ ಹೊಡೆಯುವವನಲ್ಲ, ಬೈಯುವವನೂ ಅಲ್ಲ. ನಗುನಗುತ್ತ ಬಂದು, ಶೆಡ್ಡಿನಲ್ಲೇ ಊಟ ಆಯಿತೆಂದು ಹೇಳಿ, ಕಟ್ಟೆಯ ಮೇಲೆ ಅಡ್ಡಾಗುತ್ತಿದ್ದ. ಅವ್ವ ಏನೂ ಅನ್ನುತ್ತಿರಲಿಲ್ಲ. ನನಗೊಬ್ಬಳಿಗೆ ರೊಟ್ಟಿ, ಶೇಂಗಾ ಹಿಂಡಿ ಹಾಕಿಕೊಟ್ಟು, ಬುಟ್ಟಿ ಮುಚ್ಚಿ, ನೀರು ಕುಡಿದು ಮಲಗುತ್ತಿದ್ದಳು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಬೇರೆ ವರ್ಗದ ಒಬ್ಬ ಹುಡುಗಿಗೆ ಯಾರೋ ‘ಕುಡುಕನ ಮಗಳು’ ಅಂದಿದ್ದರು. ಆಮೇಲೆ ಅವಳು ಖೋ ಖೋ ಆಡಲು ಬರುವುದನ್ನೇ ಬಿಟ್ಟಳು. ನಾನು ಒಂಬತ್ತನೇ ವರ್ಗಕ್ಕೆ ಫಸ್ಟ್. ಆ ಹೆಸರು ನನಗೆ ಬಿದ್ದರೆ ಸತ್ತೇಹೋಗುತ್ತೇನೆ ಎಂದುಕೊಂಡಿದ್ದೆ.

ಗಂಡುಹುಡುಗರ ಲೆಕ್ಕಾಚಾರವೇ ಬೇರೆ. ಹಂಗಾಮು ಮುಗಿದ ದಿನ ಶೆಡ್ಡಿನಲ್ಲಿ ನಡೆಯುವ ಪಾರ್ಟಿಗೆ ಕರೆ ಬಂತೆಂದರೆ ಹುಡುಗ ದೊಡ್ಡವನಾದ ಎಂದು ಅರ್ಥ. ಹಿಂದಿನ ಬೆಂಚಿನ ಬಸು ನಲ್ಲಿಯ ಹತ್ತಿರ ನಿಂತು ಭಾಷಣ ಮಾಡುತ್ತಿದ್ದ. “ಬಿಯರ್ ಕುಡದ್ರ ಏನೂ ಆಗಂಗಿಲ್ಲಲೇ. ಮೀಸಿ ಲಗೂ ಬರ್ತಾವ.” ಅವನ ಮೇಲ್ದುಟಿ ಮಾತ್ರ ಅಂಗೈಯಷ್ಟೇ ನುಣ್ಣಗಿತ್ತು.

ಆ ಸಲ ವಿಜಯಪುರದಿಂದ ಬಿ.ಎಡ್. ಓದುತ್ತಿದ್ದ ಒಬ್ಬ ಟೀಚರ್ ಪಾಠ ಕಲಿಸುವ ಅಭ್ಯಾಸಕ್ಕೆಂದು ನಮ್ಮ ಹೈಸ್ಕೂಲಿಗೆ ಬಂದಿದ್ದರು. ಒಂದು ಶುಕ್ರವಾರ ಎಲ್ಲರಿಗೂ ಒಂದೊಂದು ಹಾಳೆ ಹಂಚಿ, ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆದರು. ಮನೆಯಲ್ಲಿ ಯಾರಾದರೂ ಕುಡಿಯುತ್ತಾರೆಯೇ? ನೀನು ಎಂದಾದರೂ ರುಚಿ ನೋಡಿದ್ದೀಯಾ? ಬೆಳೆದ ಮೇಲೆ ಕುಡಿಯುವೆಯಾ, ಯಾಕೆ?

“ಹೆಸರು ಬರೀಬ್ಯಾಡ್ರಿ, ನಂಬರೂ ಬ್ಯಾಡ. ಖರೇ ಇದ್ದದ್ದು ಬರೀರಿ,” ಎಂದು ಹೇಳಿ ಕಿಟಕಿಯ ಕಡೆ ತಿರುಗಿ ನಿಂತರು.

ಹೆಸರಿಲ್ಲ ಎಂಬ ಧೈರ್ಯಕ್ಕೆ ನನ್ನ ಪೆನ್ನು ನನ್ನ ಮಾತು ಕೇಳಲಿಲ್ಲ. ಹೌದು, ಅಪ್ಪ, ವಾರಕ್ಕೆ ಎರಡು ಸಲ ಎಂದು ಬರೆದೆ. ಒಂದು ಸಲ ಬಾಟಲಿಯ ಮುಚ್ಚಳದಲ್ಲಿ ರುಚಿ ನೋಡಿದ್ದೇನೆ, ಕಹಿ ಇತ್ತು ಎಂದು ಬರೆದೆ. ಮೂರನೆಯದಕ್ಕೆ, ಇಲ್ಲ, ಅಪ್ಪ ಕುಡಿದು ಬಂದ ದಿನ ಅವ್ವ ಉಣ್ಣುವುದಿಲ್ಲ ಎಂದು ಬರೆದೆ.

ಪಕ್ಕದಲ್ಲಿ ಕೂಡುತ್ತಿದ್ದವಳು ಶಬಾನಾ. ಅವಳ ಅಪ್ಪ ದಸ್ತಗೀರ ಕಾಕಾ ಮಸೀದಿ ಹತ್ತಿರ ಟೇಲರ್ ಅಂಗಡಿ ಇಟ್ಟಿದ್ದರು. ಅವಳು ಎಂದಿನಂತೆ ನನ್ನ ಹಾಳೆ ಎಳೆದುಕೊಂಡಳು. ನಮ್ಮ ವರ್ಗದಲ್ಲಿ ಅದೊಂದು ಪದ್ಧತಿ. ನಾನು ಬರೆದದ್ದು ಬೆಂಚಿನಿಂದ ಬೆಂಚಿಗೆ ಹೋಗಿ, ಊರು ಸುತ್ತಿದ ಪಲ್ಲಕ್ಕಿಯ ಹಾಗೆ ಕೊನೆಗೆ ನನ್ನ ಹತ್ತಿರ ಬರುತ್ತಿತ್ತು. ಓದಿ ಬರೆಯುವ ಕಷ್ಟ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಕಣ್ಣು ನೋಡಿದ್ದನ್ನು ಕೈ ಇಳಿಸುತ್ತಿತ್ತು, ಅಷ್ಟೇ. ಆದರೆ ಅವತ್ತು ಶಬಾನಾ ಓದಿದಳು. ಓದಿ ನನ್ನ ಮುಖ ನೋಡಿದಳು.

“ಖರೇನ?”

“ಕೊಡ ಇಲ್ಲೆ. ನೀ ಬರಿಬ್ಯಾಡ,” ಅಂದೆ. ಕಣ್ಣಲ್ಲಿ ನೀರು ಬಂದಿತ್ತು.

“ಸುಮ್ನಿರು. ಎಲ್ಲಾರೂ ಇದನ್ನ ಬರದ್ರ ಯಾರದಂತ ಹೆಂಗ ಗೊತ್ತಾಕ್ಕೈತಿ?” ಎಂದು ಪಿಸುಗುಟ್ಟಿ, ಅಕ್ಷರ ಬಿಡದೆ ಇಳಿಸಿಕೊಂಡು ಹಾಳೆಯನ್ನು ಹಿಂದಿನ ಬೆಂಚಿಗೆ ದಾಟಿಸಿದಳು. ಹೊರಟ ಹಾಳೆಯನ್ನು ತಡೆಯುವುದು ಯಾರಿಂದಲೂ ಆಗುವ ಮಾತಲ್ಲ. ಬಸುವಿನ ಬೆಂಚಿನವರೆಗೂ ಹೋಗಿ, ಅಂಚಿಗೆ ಮಣೂಕದ ಅಂಟು ಮೆತ್ತಿಕೊಂಡು ಅದು ವಾಪಸು ಬಂತು.

ಟೀಚರ್ ಹೊಸಬರು, ನಮ್ಮ ಪದ್ಧತಿ ಅವರಿಗೆ ಗೊತ್ತಿಲ್ಲ. ಹೆಡ್ ಸರ್ ಅಂತೂ ಭಯಸ್ಥರು. ನಲವತ್ತು ಮನೆಯಲ್ಲಿ ನಲವತ್ತು ಅಪ್ಪಂದಿರು ವಾರಕ್ಕೆ ಎರಡು ಸಲ ಕುಡಿಯುತ್ತಾರೆ, ನಲವತ್ತು ಮಕ್ಕಳು ಮುಚ್ಚಳದಲ್ಲಿ ರುಚಿ ನೋಡಿದ್ದಾರೆ ಎಂದು ಓದಿ ಅವರಿಗೆ ಬೆವರೊಡೆಯಿತು. ಪರೀಕ್ಷೆಯಾಗಿದ್ದರೆ ಕಾಪಿ ಎಂದು ಒಂದು ನಿಮಿಷದಲ್ಲಿ ಹಿಡಿಯುತ್ತಿದ್ದರು. ಅಂಕವಿಲ್ಲದ ಹಾಳೆಯನ್ನು ಯಾರಾದರೂ ಯಾಕೆ ಕಾಪಿ ಹೊಡೆದಾರು ಎಂದು ನಂಬಿಬಿಟ್ಟರು. ಮರುದಿನ ಶನಿವಾರ, ಮುಂಜಾನೆಯ ಸಾಲಿ. ಅಪ್ಪಂದಿರೆಲ್ಲ ಬರಬೇಕೆಂದು ಮನೆಮನೆಗೆ ಹೇಳಿ ಕಳಿಸಿದರು.

ನಾವು ಪಡಸಾಲೆಯ ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದೆವು. ಹಣೆತುಂಬ ವಿಭೂತಿ ಹಚ್ಚಿದವರು, ಟೋಪಿಯವರು, ಹೊಲದಿಂದ ನೇರ ಬಂದವರು ಎಲ್ಲ ನಮ್ಮ ಬೆಂಚುಗಳಲ್ಲಿ ಮೊಣಕಾಲು ಮಡಚಿ ಇಕ್ಕಟ್ಟಾಗಿ ಕೂತಿದ್ದರು. ಹೆಡ್ ಸರ್ ಒಂದು ಹಾಳೆ ಎತ್ತಿ ಓದಿದ್ದೇ ತಡ, ಗದ್ದಲ ಎದ್ದಿತು. ದಸ್ತಗೀರ ಕಾಕಾ ಎದ್ದುನಿಂತರು.

“ಸರ್, ನಮ್ಮ ಮನ್ಯಾಗ ಅದರ ಹೆಸರು ಸೈತ ತಗೊಳ್ಳಂಗಿಲ್ಲರಿ. ನನ್ನ ಮಗಳು ಹಿಂಗ ಬರದಾಳಂದ್ರ ನಾ ಊರಾಗ ಹೆಂಗ ತಿರಗ್ಯಾಡ್ಲಿ?”

ಖರೇ ಕುಡಿಯುವವರು ಇನ್ನೂ ನಾಲ್ಕೈದು ಮಂದಿ ಅಲ್ಲಿದ್ದರು. ಎಲ್ಲರಿಗಿಂತ ಜೋರಾಗಿ ಕೂಗಾಡಿದವರು ಅವರೇ. ಶಬಾನಾ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಅವಳಿಗೆ ಮನೆಯಲ್ಲಿ ಏಟು ಖಾತ್ರಿ ಎಂದು ನನಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಅವಳು ಉಳಿಯುತ್ತಾಳೆ, ಬಿಟ್ಟರೆ ನಾನು ಕುಡುಕನ ಮಗಳು. ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ಅದಕ್ಕಾಗಿ ನನಗೆ ನಾಚಿಕೆ ಇದೆ.

ಆಗ ಕೊನೆಯ ಬೆಂಚಿನಿಂದ ಅಪ್ಪ ಎದ್ದ.

“ಸರ್, ಆ ಮೂರನೇದು ಇನ್ನೊಮ್ಮೆ ಓದ್ರಿ.”

ಹೆಡ್ ಸರ್ ಓದಿದರು. ಅಪ್ಪ ಕುಡಿದು ಬಂದ ದಿನ ಅವ್ವ ಉಣ್ಣುವುದಿಲ್ಲ.

ಅಪ್ಪ ಸ್ವಲ್ಪ ಹೊತ್ತು ತನ್ನ ಅಂಗೈ ನೋಡಿಕೊಂಡ. “ಇದು ನನ್ನ ಮಗಳು ಬರದದ್ದರಿ. ಈ ವರ್ಗದಾಗ ಮೊದಲ ಬರಿಯಾಕಿ ಆಕಿನ. ಉಳದ ಹುಡುಗ್ರು ಕಾಪಿ ಹೊಡದಾವ. ಅವಕ್ಕ ಬೈಬ್ಯಾಡ್ರಿ. ದಸ್ತಗೀರಣ್ಣಾ, ನಿನ್ನ ಮಗಳದೇನೂ ತಪ್ಪಿಲ್ಲ. ಕುಡ್ಯಾಂವ ನಾನು.” ಆಮೇಲೆ ಯಾರಿಗೋ ಅಲ್ಲ, ತನಗೇ ಹೇಳಿಕೊಂಡ ಹಾಗೆ, “ಆಕಿ ಉಣ್ಣಂಗಿಲ್ಲ ಅನ್ನೂದು ನನಗ ಗೊತ್ತಿದ್ದಿಲ್ಲರಿ,” ಅಂದ.

ಗದ್ದಲ ಮಾಡಿದವರೆಲ್ಲ ತಮ್ಮ ತಮ್ಮ ಚಪ್ಪಲಿ ಹುಡುಕತೊಡಗಿದರು. ದಸ್ತಗೀರ ಕಾಕಾ ಹೋಗುವಾಗ ಅಪ್ಪನ ಹೆಗಲ ಮೇಲೆ ಕೈಯಿಟ್ಟು ಹೋದರು. ನನಗೆ ಆ ಹೆಸರು ಬೀಳಲಿಲ್ಲ. ಸೋಮವಾರ ಬಸು ನಲ್ಲಿಯ ಹತ್ತಿರ ಸಿಕ್ಕು, “ನಿಮ್ಮಪ್ಪ ಗಟ್ಟಿ ಮನಷಾ ಬೇ,” ಎಂದಷ್ಟೇ ಹೇಳಿ ನೀರು ಕುಡಿದು ಹೋದ. ಮೀಸೆಯ ಮಾತು ಆಮೇಲೆ ಅವನ ಬಾಯಲ್ಲಿ ಬರಲಿಲ್ಲ.

ಆ ಶನಿವಾರ ಮಧ್ಯಾಹ್ನ ಅವ್ವ ಅಪ್ಪನಿಗೆ ರೊಟ್ಟಿ, ಜುಣಕಾ ಬಡಿಸಿದಳು. ಅಪ್ಪ ಕೈ ಹಚ್ಚಲಿಲ್ಲ.

“ನೀನೂ ತಾಟ ಹಚ್ಕೋ,” ಅಂದ.

“ನಂದೇನ್ ಅವಸರ?”

“ಹಚ್ಕೋ ಅಂದ್ನೆಲ್ಲ.”

ಅಪ್ಪ ಅವತ್ತೇ ಕುಡಿತ ಬಿಟ್ಟ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಬಿಡಲಿಲ್ಲ. ಬಿಟ್ಟ, ಹಿಡಿದ, ಮತ್ತೆ ಬಿಟ್ಟ. ಆದರೆ ಹಿಡಿದ ದಿನಗಳಲ್ಲೂ ಕಟ್ಟೆಯ ಮೇಲೆ ಅಡ್ಡಾಗದೆ ಒಳಗೆ ಬಂದು, ಅವ್ವ ಉಣ್ಣುವವರೆಗೆ ಎದುರಿಗೆ ಕೂತಿರುತ್ತಿದ್ದ. ಹಾಗೆ ಕೂಡುವುದು ಬಲು ಕಷ್ಟದ ಕೆಲಸವಾಗಿರಬೇಕು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಪೂರ್ತಿ ಬಿಟ್ಟಿದ್ದ.

ಈಗ ನಾನು ಬಬಲೇಶ್ವರದ ಒಂದು ಹೈಸ್ಕೂಲಿನಲ್ಲಿ ಟೀಚರ್. ವಿಜಯಪುರದ ಅಥಣಿ ರಸ್ತೆಯ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಅಪ್ಪ ಅವ್ವ ನಮ್ಮ ಜೊತೆಗೇ ಇದ್ದಾರೆ, ಇಬ್ಬರೂ ಕೂಡಿಯೇ ಉಣ್ಣುತ್ತಾರೆ. ಸ್ಟೇಷನ್ ರಸ್ತೆಯ ಶಬಾನಾಳ ಬಟ್ಟೆ ಅಂಗಡಿಗೆ ಹೋದಾಗೆಲ್ಲ ಅವಳು, “ಮುಚ್ಚಳದಾಗ ರುಚಿ ನೋಡಿದಾಕಿ ಬಂದ್ಲು ನೋಡ್ರಿ,” ಎಂದು ಕಾಡಿಸುತ್ತಾಳೆ.

ಹೋದ ತಿಂಗಳು ನಮ್ಮ ಸಾಲಿಗೂ ಅಂಥದೇ ಫಾರಂ ಬಂತು. ಈಗಿನ ಪ್ರಶ್ನೆಗಳು ಮುದ್ರಣವಾಗಿ ಬರುತ್ತವೆ, ಬೆಂಚಿಗೆ ಒಬ್ಬರೇ ಕೂಡುತ್ತಾರೆ. “ಟೀಚರ್, ಬಿಯರ್ ಅಂದ್ರ ಶೆರೆ ಅಲ್ಲಲ್ರಿ?” ಎಂದು ಒಬ್ಬ ಕೇಳಿದ. ಅದೂ ಶೆರೆಯೇ, ಕುಡಿತವೇ ಎಂದೆ, ಅವನು ಮುಖ ಸಣ್ಣದು ಮಾಡಿ ಬರೆಯತೊಡಗಿದ. ಬುದ್ಧಿವಂತ ಮಕ್ಕಳು, ನಮಗಿಂತ ಚೆನ್ನಾಗಿ ಬರೆಯುತ್ತಾರೆ. ಆದರೆ ಎಲ್ಲರೂ ತಮ್ಮ ಹಾಳೆಗೆ ಎಡಗೈ ಅಡ್ಡ ಹಿಡಿದಿದ್ದರು. ಬೆಂಚಿನಿಂದ ಬೆಂಚಿಗೆ ಹಾಳೆ ದಾಟಿಸುವ ವರ್ಗ ಈಗ ಎಲ್ಲೂ ಇಲ್ಲ. ತಪ್ಪು ಪದ್ಧತಿಯೇ, ಹೋದದ್ದು ಒಳ್ಳೆಯದೇ. ಆದರೂ ಅದರ ಜೊತೆ ಇನ್ನೇನೋ ಹೋಯಿತು.

ಮೂರನೇ ಸಾಲಿನ ಹುಡುಗಿಯೊಬ್ಬಳು ಏನೂ ಬರೆಯದೆ ಪೆನ್ನಿನ ಕ್ಯಾಪು ತೆಗೆಯುತ್ತ ಹಾಕುತ್ತ ಕೂತಿದ್ದಳು. ಅತ್ತ ನೋಡಿದಳು, ಇತ್ತ ನೋಡಿದಳು. ಎಲ್ಲ ಕಡೆ ಎಡಗೈಗಳು.

ನಾನು ಚಾಕ್‌ಪೀಸು ತೆಗೆದುಕೊಂಡು ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ. ‘ಹೌದು. ಅಪ್ಪ. ವಾರಕ್ಕೆ ಎರಡು ಸಲ. ಆ ದಿನ ಅವ್ವ ಉಣ್ಣುತ್ತಿರಲಿಲ್ಲ.’

“ಇದು ನನ್ನ ಉತ್ತರ,” ಅಂದೆ. “ಬೇಕಾದವ್ರು ಕಾಪಿ ಹೊಡೀರಿ.”

ಆಮೇಲೆ ಮೂರನೇ ಸಾಲಿನ ಹುಡುಗಿ ಪೆನ್ನಿನ ಕ್ಯಾಪು ತೆಗೆದು ಪಕ್ಕಕ್ಕಿಟ್ಟು ಬರೆಯತೊಡಗಿದಳು.